ಅಪ್‌ಡೇಟ್: ಟ್ರೈಗ್ಲಿಸರೈಡ್ ಇಳಿಯಿತು, ಶುಗರ್ ಕೂಡ

ಶುಗರ್ ಗಡಿಯಲ್ಲಿದೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 290 ಇದೆ, ಏನು ತಿನ್ನಲಿ ಅಂತ ಕೇಳಿದ್ದೆನಲ್ಲ, ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. ಟ್ರೈಗ್ಲಿಸರೈಡ್ ಈಗ 165. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.3ರಿಂದ 5.9ಕ್ಕೆ ಬಂದಿದೆ. ಟ್ರೈಗ್ಲಿಸರೈಡ್ 150ರ ಒಳಗೆ ಬರಬೇಕು, ಇನ್ನೂ ಸ್ವಲ್ಪ ಬಾಕಿ. ಆದರೂ ತುಂಬಾ ಖುಷಿಯಾಗಿದೆ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ‘ಸಿಹಿ ಪಾನೀಯ ಬಿಡಿ’ ಎಂಬ ಸಲಹೆ. ಹಣ್ಣಿನ ಜ್ಯೂಸ್ ಕೂಡ ಬಿಟ್ಟೆ, ಹಣ್ಣನ್ನು ಹಾಗೇ ತಿನ್ನುತ್ತೇನೆ. ಜ್ಯೂಸ್‌ನಲ್ಲಿ ನಾರು ಹೋಗಿಬಿಟ್ಟಿರುತ್ತದೆ, ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ. ಹೆಚ್ಚಾದ ಸಕ್ಕರೆಯನ್ನು ಲಿವರ್ ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸುತ್ತದಂತೆ. ಎಣ್ಣೆ ಮುಟ್ಟದವರಿಗೂ ಇದು ಏರಬಹುದು ಎಂದು ತಿಳಿದು ಆಶ್ಚರ್ಯವಾಯಿತು.

ತರಕಾರಿ, ಕಾಳು ಮೊದಲು ತಿಂದು ಅನ್ನ ಅಥವಾ ಬ್ರೆಡ್ ಕೊನೆಗೆ ತಿನ್ನಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಊಟದ ನಂತರದ ರೀಡಿಂಗ್‌ನಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತಿದೆ. ಊಟವಾದ ಮೇಲಿನ ನಡಿಗೆಯೂ ಸಹಾಯ ಮಾಡಿತು.

ಸಕ್ಕರೆ ಬದಲು ಜೇನುತುಪ್ಪ ಹಾಕಿದ್ದು ಮಾತ್ರ ಪ್ರಯೋಜನವಾಗಲಿಲ್ಲ. ಜೇನು ಕೂಡ ಹೆಚ್ಚಾಗಿ ಸಕ್ಕರೆಯೇ ಅಲ್ವಾ! ‘ಲೋ ಫ್ಯಾಟ್’ ಪ್ಯಾಕೆಟ್ ತಿಂಡಿಗಳೂ ಅಷ್ಟೇ, ಲೇಬಲ್ ಓದಿದರೆ ಎಷ್ಟೋ ಸಲ ಸಕ್ಕರೆ ಜಾಸ್ತಿ ಇರುತ್ತದೆ.

ಥೈರಾಯ್ಡ್ ಕಡಿಮೆ ಇದ್ದರೆ, ಮದ್ಯ ಕುಡಿದರೆ ಕೂಡ ಟ್ರೈಗ್ಲಿಸರೈಡ್ ಏರುತ್ತದೆ ಅಂತ ಡಾಕ್ಟರ್ ಹೇಳಿದರು. ನಿಮ್ಮದು 500 ದಾಟಿದ್ದರೆ ಊಟ ಬದಲಿಸಿ ಕಾಯಬೇಡಿ, ಮೇದೋಜೀರಕ ಗ್ರಂಥಿಗೆ ಅಪಾಯವಿದೆ, ಕೂಡಲೇ ಡಾಕ್ಟರನ್ನು ನೋಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಅನ್ನ ಕಡಿಮೆ ಮಾಡುವ ಮುಂಚೆಯೇ ಡಾಕ್ಟರಿಗೆ ತಿಳಿಸಿ.