ಮಾವ ಹಾಕಿದ ಕೆಂಪು ಅಂಚಿನ ಅಣಬೆಯ ಫಾರ್ವರ್ಡ್

ಮಾವ: ಯುರೋಪಿನಿಂದ ಅಮೆರಿಕದವರೆಗೆ ಪೈನ್ ಕಾಡುಗಳನ್ನು ಕೊಲ್ಲುತ್ತಿರುವ ಒಂದೇ ಅಣಬೆ, ಫೋಮಿಟಾಪ್ಸಿಸ್ ಪಿನಿಕೋಲಾ! ಕಂಡಲ್ಲಿ ಕಿತ್ತು ಹಾಕಿ. (ಫಾರ್ವರ್ಡ್)

ಅಕ್ಕ: ವ್ಯಾಂಕೂವರಿನಲ್ಲಿ ನಮ್ಮ ಮನೆ ಹಿಂದೆ ಬಿದ್ದಿರುವ ಫರ್ ಮರದ ಮೇಲೂ ಇಂಥದ್ದೇ ಇದೆ, ಅಂಚಿಗೆ ಕೆಂಪು ಪಟ್ಟಿ. ಕೀಳಬೇಕಾ?

ನಾನು: ಬೇಡ ಅಕ್ಕ. ಮಾವ, ಬೇಜಾರು ಮಾಡ್ಕೋಬೇಡಿ, ಇದರಲ್ಲಿ ಎರಡು ಮಾತೂ ತಪ್ಪು. ಇದು ಜಾಸ್ತಿ ಬೆಳೆಯುವುದು ಸತ್ತ ಮರದಲ್ಲಿ. ಜೀವಂತ ಮರಕ್ಕೆ ಗಾಯವಾದರೆ ಅಲ್ಲಿಂದ ಒಳಗೆ ಹೋಗುವುದೂ ಉಂಟು, ಆದರೆ ಕಾಡು ಕೊಲ್ಲುವುದಿಲ್ಲ. ಇನ್ನು ಅದು ಒಂದೇ ಅಣಬೆಯೂ ಅಲ್ಲ. ಪಿನಿಕೋಲಾ ಯುರೋಪ್, ಏಷ್ಯಾ ಕಡೆಯದು. ಅಕ್ಕನ ಊರಿನದು ಅದರ ದಾಯಾದಿ.

ಮಾವ: ನೋಡಲು ಒಂದೇ ಥರ ಇದೆಯಲ್ಲಪ್ಪ. ಡಿಎನ್‌ಎ ಅಂತ ಸುಮ್ನೆ ಹೆಸರು ಬದಲಿಸುತ್ತಾರೆ.

ನಾನು: ಡಿಎನ್‌ಎ ಬರುವ ಎಷ್ಟೋ ಮೊದಲೇ ಅನುಮಾನ ಬಂದಿತ್ತು ಮಾವ. ಕೆನಡಾದ ಐರೀನ್ ಮೌನ್ಸ್, ರೂತ್ ಮ್ಯಾಕ್ರೇ ಅನ್ನುವ ಇಬ್ಬರು 1930ರ ದಶಕದಲ್ಲೇ ಬೇರೆ ಬೇರೆ ಕಡೆಯ ಅಣಬೆಗಳ ಬೀಜಕಣಗಳನ್ನು ಬೆಳೆಸಿ, ಎರಡೆರಡನ್ನು ಜೋಡಿ ಮಾಡಿ ನೋಡಿದ್ದರು. ಕೆಲವು ಕೂಡಿದವು. ಕೆಲವು ಪಕ್ಕದಲ್ಲೇ ಬೆಳೆದರೂ ಸೇರಲಿಲ್ಲ, ಅಂದರೆ ಅವು ಬೇರೆ ಜಾತಿ ಇರಬಹುದು. 2019ರಲ್ಲಿ ಉತ್ತರ ಅಮೆರಿಕದ ಒಂದು ಜಾತಿಗೆ ಮೌನ್ಸ್ ಹೆಸರನ್ನೇ ಇಟ್ಟರು, ಫೋಮಿಟಾಪ್ಸಿಸ್ ಮೌನ್ಸಿಯೇ. ಎಷ್ಟು ಖುಷಿಯ ವಿಷಯ ಅಲ್ವಾ?

ಭಾವ: ಕೊಳೆಸುವುದಂತೂ ಕೊಳೆಸುತ್ತೆ. ಯಾವ ಜಾತಿಯಾದರೇನು?

ನಾನು: ಭಾವ, ಅಲ್ಲೇ ಇರೋದು ವಿಷಯ. ಇಟಲಿಯಲ್ಲಿ ರೋಮ್ ಹತ್ತಿರ ಕಾಸ್ಟೆಲ್‌ಪೋರ್ಜಿಯಾನೊ ಅಂತ ಒಂದು ಪೈನ್ ತೋಪಿದೆ. ಅಲ್ಲಿ ಮರಗಳು ಬೇರು ಕೊಳೆತು ಸಾಯುತ್ತಿದ್ದವು. ಹೆಟೆರೊಬ್ಯಾಸಿಡಿಯನ್ ಅನ್ನುವ ಬೇರು ಕೊಳೆಸುವ ಅಣಬೆಯ ಸ್ಥಳೀಯ ಜಾತಿ ಅಂದುಕೊಂಡರೆ, ಡಿಎನ್‌ಎ ನೋಡಿದಾಗ ಅದು ಉತ್ತರ ಅಮೆರಿಕದ ಜಾತಿ. 1944ರಲ್ಲಿ ಅಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕರ ಮರದ ಸಾಮಾನಿನ ಜೊತೆ ಬಂದಿರಬೇಕು ಅಂತ ಅಂದಾಜು. ಕಣ್ಣಳತೆಯಲ್ಲೇ ಬಿಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ನಿಜವಾಗಿ ಮರ ಕೊಲ್ಲುವುದು ಇಂಥದ್ದು.

ಅಕ್ಕ: ಈಗ ಮರದ ಒಂದು ಚೂರು ಮುರಿದೆ. ಕಂದು ಬಣ್ಣ, ಚೌಕ ಚೌಕ ಬಿರುಕು. ಹಿಚುಕಿದರೆ ಪುಡಿ.

ನಾನು: ಅದೇ ಕಂದು ಕೊಳೆ ಅಕ್ಕ. ಅಣಬೆ ಮರದ ನಾರಾದ ಸೆಲ್ಯುಲೋಸ್ ತಿಂದು, ಅದನ್ನು ಗಟ್ಟಿಯಾಗಿ ಹಿಡಿದಿಡುವ ಕಂದು ಬಣ್ಣದ ಲಿಗ್ನಿನ್ ಬಿಟ್ಟಿದೆ. ಇವುಗಳ ಪೂರ್ವಜರು ಲಿಗ್ನಿನ್ನನ್ನೂ ಕರಗಿಸುತ್ತಿದ್ದರು, ಆ ಕಿಣ್ವಗಳ ಜೀನ್‌ಗಳು ಆಮೇಲೆ ಹೋದವು. ಅದೂ ಒಂದೇ ಸಲ ಅಲ್ಲ. ಗ್ಲಿಯೋಫಿಲ್ಲಮ್, ಸರ್ಪುಲಾ ಅನ್ನುವ ಬೇರೆ ಕಂದು ಕೊಳೆ ಅಣಬೆಗಳಿಗೆ ಫೋಮಿಟಾಪ್ಸಿಸ್ ಹತ್ತಿರದ ನೆಂಟ ಅಲ್ಲ, ಆದರೂ ಬೇರೆ ಬೇರೆಯಾಗಿ ಇದೇ ದಾರಿ ಹಿಡಿದವು. ಕೊಳೆ ಒಂದೇ ಥರ ಇದ್ದರೆ ಕುಲ ಒಂದೇ ಅನ್ನಲು ಆಗಲ್ಲ.

ಮಾವ: ಆಯ್ತು, ಕೀಳಬೇಡಿ ಅಂತ ಹಾಕುತ್ತೇನೆ. ಜಾತಿ ವಿಷಯ ನನಗಿನ್ನೂ ಒಪ್ಪಿಗೆಯಿಲ್ಲ.

ನಾನು: ಮೊದಲು ಅದನ್ನು ಹಾಕಿ ಮಾವ, ಬೇರೆ ಗುಂಪುಗಳಲ್ಲೂ. ಜಾತಿ ಬಗ್ಗೆ ಭಾನುವಾರ ಫೋನ್ ಮಾಡುತ್ತೇನೆ.