ನರ್ಸರಿ ಫೀಸು ಮತ್ತು ಅಮ್ಮನ ಕಾಫಿ ಬೀಜದ ಬಾಟಲಿ

ಎರಡು ವರ್ಷದ ಮಗನನ್ನು ದುಬಾರಿ ನರ್ಸರಿಗೆ ಹಾಕದಿದ್ದರೆ ಮುಂದೆ ಹಿಂದೆ ಬೀಳುತ್ತಾನಾ ಅಂತ ಹೋದ ವಾರ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದಿರಿ. ಉತ್ತರ ತಡವಾಯಿತು. ಮಕ್ಕಳ ರಜೆಗೆ ಇಂಗ್ಲೆಂಡಿನಿಂದ ಅಮ್ಮನ ಮನೆಗೆ ಬಂದಿದ್ದೇನೆ, ಕೊಡಗಿನ ಸಿದ್ದಾಪುರದ ಹತ್ತಿರ. ಆಟಿ ತಿಂಗಳ ಮಳೆ ಬಿಡುತ್ತಿಲ್ಲ. ಕರೆಂಟು ಇದ್ದಾಗ ಬರೆಯುತ್ತಿದ್ದೇನೆ.

ನಮ್ಮಮ್ಮ ಅಂಗನವಾಡಿ ಟೀಚರ್ ಆಗಿದ್ದರು. ಕಾಫಿ ತೋಟದ ಲೈನ್ ಮನೆಗಳ, ಅಂದರೆ ಕೂಲಿಯವರ ಸಾಲುಮನೆಗಳ, ಮಕ್ಕಳೇ ಅವರ ಕಡೆ ಜಾಸ್ತಿ. ಚಿಕ್ಕವಳಿದ್ದಾಗ ನಾನೂ ಅವರ ಹಿಂದೆ ಹೋಗುತ್ತಿದ್ದೆ. ಕಾಫಿ ಕೊಯ್ಲು ಶುರುವಾದರೆ ಹೆಂಗಸರು ಬೆಳಗ್ಗೆಯೇ ತೋಟಕ್ಕೆ ಇಳಿಯುತ್ತಿದ್ದರು. ಕೂಸು ಗಿಡದ ನೆರಳಲ್ಲಿ, ಸೀರೆಯ ಜೋಲಿಯಲ್ಲಿ. 50 ಹೆಣ್ಣಾಳುಗಳಿರುವ ತೋಟದಲ್ಲಿ ಮಕ್ಕಳಿಗೆ ಒಂದು ಕೋಣೆ, ನೋಡಿಕೊಳ್ಳಲು ಒಬ್ಬರು ಇರಬೇಕು ಅಂತ 1951ರ ಪ್ಲಾಂಟೇಷನ್ ಕಾನೂನೇ ಹೇಳುತ್ತಿತ್ತು. ನಾನು ಕಂಡ ಸಣ್ಣ ತೋಟಗಳಲ್ಲಿ ಅದೇನೂ ಇರಲಿಲ್ಲ.

ಅಮ್ಮ ಸಂಜೆ ಲೈನಿಗೆ ಹೋಗಿ ಮಗುವಿನ ತೂಕ ನೋಡಿ ಬರೆದುಕೊಳ್ಳುತ್ತಿದ್ದರು. ಅಷ್ಟಕ್ಕೇ ಎದ್ದು ಬರುತ್ತಿರಲಿಲ್ಲ. ಖಾಲಿ ಬಾಟಲಿಗೆ ನಾಲ್ಕು ಕಾಫಿ ಬೀಜ ಹಾಕಿ, ಮುಚ್ಚಳ ಬಿಗಿದು, ಮಗುವಿನ ಮುಂದೆ ಅಲ್ಲಾಡಿಸುತ್ತಿದ್ದರು. ಆಮೇಲೆ ಅದನ್ನು ತಾಯಿ ಕೈಗೆ ಕೊಟ್ಟು, "ಈಗ ನೀನು ಆಡಿಸು, ಅದು ಏನಂದರೂ ಉತ್ತರ ಕೊಡು" ಅನ್ನುತ್ತಿದ್ದರು. ನನಗೆ ಆಗ ಅದು ಸುಮ್ನೆ ಆಟ ಅನ್ನಿಸಿತ್ತು.

ವರ್ಷಗಳ ಮೇಲೆ ಜಮೈಕಾದ ಅಧ್ಯಯನದ ಬಗ್ಗೆ ಓದಿದಾಗ ಆ ಬಾಟಲಿಯೇ ಕಣ್ಣಮುಂದೆ ಬಂತು. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಸ್ಯಾಲಿ ಗ್ರಂಥಮ್ ಮೆಕ್‌ಗ್ರೆಗರ್ ಮತ್ತು ಜೊತೆಗಾರರು ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ 9ರಿಂದ 24 ತಿಂಗಳಿನವರು. ಕೆಲವರಿಗೆ ವಾರವಾರ ಹಾಲಿನ ಪುಡಿ ಕೊಟ್ಟರು. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೆ ಒಂದು ಗಂಟೆ ಹೋಗಿ, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಅಂತ ತಾಯಿಗೆ ತೋರಿಸಿಕೊಟ್ಟಳು. ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲ. ಆಟಿಕೆಗಳು ಮನೆಯಲ್ಲೇ ಮಾಡಿದವು. ಎರಡು ವರ್ಷ ಇಷ್ಟೇ ನಡೆದದ್ದು. 20 ವರ್ಷ ಬಿಟ್ಟು ಅದೇ ಮಕ್ಕಳನ್ನು ಹುಡುಕಿ ನೋಡಿದರೆ, ಆಟ ಮಾತು ಸಿಕ್ಕಿದವರ ಸಂಪಾದನೆ ಸಿಗದವರಿಗಿಂತ ಶೇಕಡ 25 ಜಾಸ್ತಿ ಇತ್ತು. ಹಾಲಿನ ಪುಡಿ ಮಾತ್ರ ಸಿಕ್ಕಿದವರಲ್ಲಿ ಅಂಥ ಲಾಭ ಉಳಿದಿರಲಿಲ್ಲ.

ಹಾಗಂತ ಊಟ ಮುಖ್ಯ ಅಲ್ಲ ಅಂತಲ್ಲ. ನಮ್ಮ ಕೊಡಗಿನವರಿಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ಎರಡು ವರ್ಷದ ಕೂಸಿಗೂ ಅಕ್ಕಿ ರೊಟ್ಟಿ ಜೊತೆ ಬೆಲ್ಲದ ಕಾಫಿ ಕೊಡುತ್ತಾರೆ. ಲೈನ್ ಮನೆಯಲ್ಲೂ ಅಷ್ಟೇ, ತೋಟದ ಯಜಮಾನರ ಮನೆಯಲ್ಲೂ ಅಷ್ಟೇ. ಊಟದ ಜೊತೆ ಕಾಫಿ, ಟೀ ಹೋದರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಆರು ತಿಂಗಳು ಕಳೆದ ಮಗುವಿಗೆ ಎದೆಹಾಲಿನ ಕಬ್ಬಿಣವೂ ಸಾಲುವುದಿಲ್ಲ. ಮಿದುಳು ಬೆಳೆಯುವ ಆ ವಯಸ್ಸಿನಲ್ಲೇ ರಕ್ತ ಕಮ್ಮಿಯಾದರೆ, ಕಲಿಯುವ ಶಕ್ತಿಗೆ ಬಿದ್ದ ಪೆಟ್ಟು ಆಮೇಲೆ ಮಾತ್ರೆ ನುಂಗಿಸಿದರೂ ಪೂರ್ತಿ ಹೋಗದೇ ಇರಬಹುದು. ಅಮ್ಮ ಈ ಒಂದು ಲೋಟ ಕಾಫಿಗಾಗಿ ಎಷ್ಟು ಮನೆಗಳಲ್ಲಿ ಬೈಸಿಕೊಂಡಿದ್ದಾರೋ! ಲಂಡನ್ನಿನಲ್ಲೂ ನಮ್ಮವರು ಮಗುವಿಗೆ ಬಿಸ್ಕತ್ತು ಅದ್ದಿ ಟೀ ಕೊಡುವುದನ್ನು ನೋಡಿದ್ದೇನೆ. ದಯವಿಟ್ಟು ಬಿಡಿ. ವಿಟಮಿನ್ ಡಿ ಹನಿಯನ್ನೂ ಮರೆಯಬೇಡಿ. ಎದೆಹಾಲು ಕುಡಿಯುವ ಮಗುವಿಗೆ ಹುಟ್ಟಿದಾಗಿನಿಂದ ದಿನಾ ಕೊಡಿ ಅಂತ ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ.

ನನ್ನ ದೊಡ್ಡವಳ ಮೊದಲ ಎರಡು ವರ್ಷ ನಾನು ಇದೆಲ್ಲ ಓದಿರಲಿಲ್ಲ. ಇಬ್ಬರಿಗೂ ಕೆಲಸ, ಮನೆಯಲ್ಲಿ ಹಿರಿಯರಿಲ್ಲ, ಊಟಕ್ಕೆ ಕೂತರೆ ಫೋನು. ಅವಳು ಮಾತು ಶುರು ಮಾಡಿದ್ದು ತಡ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಅಂತ ಒಬ್ಬರು ಹೇಳಿದರು, ನಾವು ಹೆದರಿ ಹಾಗೇ ಮಾಡಿದೆವು. ಈಗಲೂ ಹೊಟ್ಟೆ ಉರಿಯುತ್ತದೆ. ಮನೆಭಾಷೆಯಿಂದ ಮಗುವಿನ ಮಾತು ತಡವಾಗುವುದಿಲ್ಲ. ನಮಗೆ ನಗು, ಸಿಟ್ಟು, ಕಥೆ ಎಲ್ಲ ಬರುವುದು ಆ ಭಾಷೆಯಲ್ಲೇ ಅಲ್ವಾ?

ನರ್ಸರಿಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ದುಡ್ಡಿಗಾಗಿ ಇಬ್ಬರೂ ಓವರ್‌ಟೈಮ್ ಮಾಡಿ, ಮಗು ಮಲಗಿದ ಮೇಲೆ ಮನೆಗೆ ಬರುವ ಹಾಗಾದರೆ ಕಮ್ಮಿ ಫೀಸಿನದ್ದೇ ಸಾಕು. ಇಂಗ್ಲೆಂಡಿನಲ್ಲಿ ಎರಡು, ಎರಡೂವರೆ ವರ್ಷಕ್ಕೆ ಹೆಲ್ತ್ ವಿಸಿಟರ್, ಅಂದರೆ ಚಿಕ್ಕ ಮಕ್ಕಳ ಬೆಳವಣಿಗೆ ನೋಡುವ ನರ್ಸ್, ಮಗುವನ್ನು ನೋಡುತ್ತಾರೆ. ಅದನ್ನು ತಪ್ಪಿಸಬೇಡಿ, ಅನುಮಾನ ಇದ್ದದ್ದೆಲ್ಲ ಕೇಳಿ.

ನಿನ್ನೆ ಆಟಿ ತಿಂಗಳ ಹದಿನೆಂಟನೇ ದಿನ, ಇಲ್ಲಿ ಮದ್ದು ಸೊಪ್ಪು ಅನ್ನುವ ಎಲೆಯ ಅಡುಗೆ ತಿನ್ನುವ ದಿನ. ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿದರು. ನಾಲ್ಕು ವರ್ಷದ ಚಿಕ್ಕವನು ನೇರಳೆ ಬಣ್ಣ ಯಾಕೆ ಬಂತು, ಯಾರು ಹಚ್ಚಿದರು, ನಾಳೆ ಹಚ್ಚಿದರೆ ಬರಲ್ವಾ ಅಂತ ಒಲೆಯ ಪಕ್ಕ ಅರ್ಧ ಗಂಟೆ ಕೇಳಿದ. ಅಮ್ಮ ಸೌಟು ತಿರುಗಿಸುತ್ತಲೇ ಒಂದೊಂದಕ್ಕೂ ಉತ್ತರ ಕೊಟ್ಟರು. ನಾನು ಫೋನನ್ನು ಒಳಗಿಟ್ಟು ಬಂದು ಪಕ್ಕದಲ್ಲಿ ಕೂತೆ.