ಬಣ್ಣ ಬಂದ ಬೆಳ್ಳಿ ನಾಣ್ಯ: ಕೊಳ್ಳುವ ಮುನ್ನ ನೀವು ಏನು ನೋಡುತ್ತೀರಿ?

ಕೇಳಿದವರು: ಮೂರು ವರ್ಷಗಳಿಂದ ಹಳೆಯ ಬೆಳ್ಳಿ ನಾಣ್ಯ ಸಂಗ್ರಹಿಸುತ್ತಿದ್ದೇನೆ. ಇದುವರೆಗೆ ಬೆಳ್ಳಗೆ ಹೊಳೆಯುವುದನ್ನೇ ಆರಿಸುತ್ತಿದ್ದೆ. ಈಚೆಗೆ ಅಮೆರಿಕದ ಹಳೆಯ ಬೆಳ್ಳಿ ನಾಣ್ಯ, ಒಂದು ಮಾರ್ಗನ್ ಡಾಲರ್ ಕೈಗೆ ಬಂತು. ಅಂಚಿನಲ್ಲಿ ನೀಲಿ, ಒಳಕ್ಕೆ ಬಂದಂತೆ ನೇರಳೆ, ಕೆಂಪು, ನಡುವೆ ಹೊಂಬಣ್ಣ. ಅಂದಿನಿಂದ ಬಿಳಿಯವೆಲ್ಲ ಸಪ್ಪೆ ಎನಿಸುತ್ತಿವೆ. ಆದರೆ ಬಣ್ಣ ಬರಿಸಿ ಮಾರುವವರೂ ಇದ್ದಾರೆ ಎಂದು ಕೇಳಿ ಅಳುಕು. ತಾನಾಗಿ ಬಂದ ಬಣ್ಣವನ್ನು (ಟೋನಿಂಗ್) ಗುರುತಿಸುವುದು ಹೇಗೆ? ಕೆಡದಂತೆ ಹೇಗೆ ಇಡುತ್ತೀರಿ?

ಮಸೂರ: ನಾನು ಪೆಟ್ಟು ತಿಂದ ಕಥೆ ಹೇಳುತ್ತೇನೆ. ನಾನು ಕೊಂಡ ಮೊದಲ ಬಣ್ಣದ ನಾಣ್ಯದಲ್ಲಿ ನವಿಲುಗರಿಯಂಥ ನೀಲಿ ಇತ್ತು. ಫೋಟೊ ನೋಡಿಯೇ ಮಾರುಹೋದೆ. ಕೈಗೆ ಬಂದ ಮೇಲೆ ಮಸೂರದಲ್ಲಿ ನೋಡಿದರೆ ಬಣ್ಣ ಅಕ್ಷರಗಳ ಸಂದಿಯಲ್ಲಿ ಮಡುಗಟ್ಟಿತ್ತು, ಗೀರುಗಳ ಒಳಗೆ ಇನ್ನಷ್ಟು ಗಾಢವಾಗಿ ಕುಳಿತಿತ್ತು. ದ್ರಾವಣ ಹರಿದು ನಿಂತ ಗುರುತು ಅದು. ಯಾರೋ ನಾಣ್ಯವನ್ನು ಉಜ್ಜಿ ತೊಳೆದು, ಆ ಎಳೆಗೀರುಗಳನ್ನು ಮುಚ್ಚಲೆಂದೇ ಬಣ್ಣ ಬರಿಸಿದ್ದರು. ಗಂಧಕದ ದ್ರಾವಣದಲ್ಲಿ ಅದ್ದಿದರೆ ಇದಕ್ಕೆ ಕೆಲವು ನಿಮಿಷ ಸಾಕು.

ಈಗ ನಾನು ಬಣ್ಣಕ್ಕಿಂತ ಮೊದಲು ಅದರ ಅಡಿಯ ಕಾಂತಿಯನ್ನು ನೋಡುತ್ತೇನೆ. ಒಂದೇ ದೀಪದ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ಓರೆ ಮಾಡಿ ತಿರುಗಿಸಿ. ಚಲಾವಣೆಯಾಗದ ನಾಣ್ಯವಾದರೆ ಅಚ್ಚು ಒತ್ತಿದಾಗ ಬಂದ ಮಿಂಚು ಗಾಲಿಯ ಕಡ್ಡಿಗಳಂತೆ ಬಣ್ಣದ ಅಡಿಯಲ್ಲೂ ಸುತ್ತಬೇಕು. ಸುತ್ತದೆ ಬಣ್ಣವೊಂದೇ ಮೇಲೆ ತೇಲಿದಂತೆ ಕಂಡರೆ ನಾನು ಹಿಂದಕ್ಕೆ ಕೊಟ್ಟುಬಿಡುತ್ತೇನೆ. ಮಾರುವವರು ಫೋಟೊದ ಬಣ್ಣವನ್ನು ಏರಿಸಿರುತ್ತಾರೆ ಎಂಬುದೂ ನೆನಪಿರಲಿ.

ರಸಾಯನದ ಮೇಷ್ಟ್ರು: ನೀವು ನೋಡುತ್ತಿರುವುದು ಬಣ್ಣದ ವಸ್ತುವನ್ನಲ್ಲ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್, ಕಾಗದ ಮತ್ತು ರಟ್ಟಿನಲ್ಲಿರುವ ಗಂಧಕ ಬೆಳ್ಳಿಯ ಜೊತೆ ಸೇರಿ ಬೆಳ್ಳಿ ಸಲ್ಫೈಡಿನ ಪೊರೆ ಕಟ್ಟುತ್ತದೆ. ಪೊರೆ ಕೂದಲಿನ ದಪ್ಪದ ನೂರನೆಯ ಒಂದು ಪಾಲೂ ಇರುವುದಿಲ್ಲ. ಅದರ ಮೇಲ್ಮೈಯಿಂದ ಮರಳುವ ಬೆಳಕೂ ಕೆಳಗಿನ ಲೋಹದಿಂದ ಮರಳುವ ಬೆಳಕೂ ಕೂಡಿ ಕೆಲವು ಬಣ್ಣಗಳು ಅಳಿಯುತ್ತವೆ, ಕೆಲವು ಉಳಿಯುತ್ತವೆ. ಸಾಬೂನಿನ ಗುಳ್ಳೆಯ ಮೇಲೆ ನಡೆಯುವ ಆಟವೇ ಇದು.

ಆದ್ದರಿಂದಲೇ ಬಣ್ಣಗಳಿಗೆ ಒಂದು ಸರದಿ ಇದೆ. ಪೊರೆ ದಪ್ಪವಾದಂತೆ ಮೊದಲು ತಿಳಿಹಳದಿ, ಹೊಂಬಣ್ಣ, ಆಮೇಲೆ ಕೆಂಪು, ನೇರಳೆ, ನೀಲಿ. ಇನ್ನೂ ಬೆಳೆದರೆ ಮಾಸಲು ಹಳದಿಗೆ ಮರಳಿ ಎರಡನೆಯ ಸುತ್ತು ಹಿಡಿಯುತ್ತದೆ, ಹಸಿರು ಬರುವುದು ಹೆಚ್ಚಾಗಿ ಆ ಸುತ್ತಿನಲ್ಲಿ. ಕೊನೆಗೆ ಕಪ್ಪು. ನಿಮ್ಮ ನಾಣ್ಯದಲ್ಲಿ ಗಂಧಕ ಅಂಚಿನಿಂದ ನುಗ್ಗಿದೆ. ಅಲ್ಲಿ ಪೊರೆ ದಪ್ಪ, ನಡುವೆ ತೆಳು. ನೀವು ಬರೆದ ಸರದಿ ಸರಿಯಾಗಿಯೇ ಇದೆ. ನೀಲಿಯ ಪಕ್ಕದಲ್ಲೇ ಥಟ್ಟನೆ ಬಿಳಿ ಬೆಳ್ಳಿ ಕಂಡರೆ, ನಡುವೆ ಕೆಂಪೂ ಹೊಂಬಣ್ಣವೂ ಇಲ್ಲದಿದ್ದರೆ, ಅನುಮಾನಿಸಿ.

ಹಳೆಯ ಚೀಲ: ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ: ಬಣ್ಣ ಥಟ್ಟನೆ ನಿಂತದ್ದೆಲ್ಲ ನಕಲಿಯಲ್ಲ. ಮಾರ್ಗನ್ ಡಾಲರುಗಳು 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಟಂಕವಾದವು. ಸಾವಿರ ಸಾವಿರದಂತೆ ಬಟ್ಟೆಯ ಚೀಲಗಳಲ್ಲಿ ತುಂಬಿ ಖಜಾನೆಗಳಲ್ಲಿ ದಶಕಗಟ್ಟಲೆ ಬಿದ್ದಿದ್ದವು. 1960ರ ದಶಕದ ಆರಂಭದಲ್ಲಿ ಜನ ಸಾಲುಗಟ್ಟಿ ನಿಂತು ಒಯ್ದರು. ಚೀಲಕ್ಕೆ ತಾಗಿದ ಮುಖದಲ್ಲಿ ಬಣ್ಣ, ಇನ್ನೊಂದು ಮುಖ ಬೆಳ್ಳಗೆ. ಒಂದರ ಮೇಲೊಂದು ಬಿದ್ದ ಕಡೆ ಬಿದಿಗೆ ಚಂದ್ರನ ಆಕಾರದ ಗೆರೆ ಕತ್ತರಿಸಿದಂತೆ ಚೂಪಾಗಿಯೇ ಇರುತ್ತದೆ. ಕೆಲವದರ ಮೇಲೆ ನೇಯ್ಗೆಯ ಗುರುತೂ ಇರುತ್ತದೆ! ಇವು ಅಸಲಿಯೇ. ಬಣ್ಣ ಹೇಗೆ ಬಂದಿರಬಹುದು ಎಂಬುದಕ್ಕೆ ನಂಬುವಂಥ ಕಾರಣ ಕಾಣುತ್ತದೆಯೇ, ಅದನ್ನು ನೋಡಿ. ಅಕ್ಷರಗಳ ಬುಡದಲ್ಲಿ ಬಣ್ಣ ತೆಳುವಾಗಿ, ಒಂದು ಕೂದಲೆಳೆಯಷ್ಟು ದೂರ ಸರಿದು ನಿಂತಿದ್ದರೆ ಅದು ಇನ್ನೊಂದು ಒಳ್ಳೆಯ ಲಕ್ಷಣ.

ದುಬಾರಿಯದಾದರೆ, ನಾಣ್ಯಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ಮೊಹರು ಮಾಡಿದ್ದನ್ನೇ ಕೊಳ್ಳಿ. ಪಿಸಿಜಿಎಸ್ ಶಂಕಾಸ್ಪದ ಬಣ್ಣಕ್ಕೆ 91 ಎಂಬ ಸಂಕೇತ ಕೊಡುತ್ತದೆ.

ಬಿಳಿಯ ಪಕ್ಷ: ಕಿಲುಬಿಗೆ ಹೆಚ್ಚಿಗೆ ಹಣ ಕೊಡುವುದು ನನಗೆ ಇಂದಿಗೂ ಅರ್ಥವಾಗಿಲ್ಲ. ಇರಲಿ, ನಿಮ್ಮ ಸಂತೋಷ.

ಹಳೆಯ ಚೀಲ: ನಿಮ್ಮ ಬಿಳಿ ನಾಣ್ಯಗಳಲ್ಲಿ ಎಷ್ಟು ರಾಸಾಯನಿಕದಲ್ಲಿ ಅದ್ದಿ ತೆಗೆದವು ಎಂದು ಎಣಿಸಿದ್ದೀರಾ ಸರ್?

ಒಮ್ಮೆ ತೊಳೆದವಳು: ನಾನು ಎಣಿಸಬಲ್ಲೆ, ಒಂದು. ಕಂದು ಬಣ್ಣ ಹೋಗಲಿ ಎಂದು ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದೆ. ಬಣ್ಣವೇನೋ ಹೋಯಿತು, ಅದರೊಂದಿಗೆ ಬೆಳ್ಳಿಯ ಮೇಲ್ಪದರವೂ ಹೋಯಿತು. ಪೊರೆ ಎಂದರೆ ನಾಣ್ಯದ ಬೆಳ್ಳಿಯೇ ತಾನೆ. ಮಿಂಚು ಸತ್ತು ಸುಣ್ಣ ಬಳಿದ ಗೋಡೆಯಂತಾಗಿದೆ. ಬಿಸಾಡಲು ಮನಸ್ಸು ಬಾರದೆ ಎಚ್ಚರಿಕೆಗೆಂದು ಇಟ್ಟುಕೊಂಡಿದ್ದೇನೆ.

ಇಡುವ ವಿಷಯಕ್ಕೆ: ಮೆತ್ತನೆಯ ಪಿವಿಸಿ ಕವರು ಬೇಡವೇ ಬೇಡ, ಹಸಿರು ಅಂಟು ಬಿಡುತ್ತದೆ. ಅಂಟು ಹಿಡಿದಿದ್ದರೆ ಶುದ್ಧ ಅಸಿಟೋನಿನಲ್ಲಿ ನೆನೆಸಿ, ಉಜ್ಜಬೇಡಿ. ಅದು ಸಹಜ ಬಣ್ಣವನ್ನು ಮುಟ್ಟುವುದಿಲ್ಲ. ಗಾಳಿ ಆಡುವ ಜಾಗದಲ್ಲಿ, ಬೆಂಕಿಯಿಂದ ದೂರ ಈ ಕೆಲಸ ಮಾಡಿ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಬೇರೆ ಏನೇನೋ ಬೆರೆತಿರುತ್ತದೆ, ಅದನ್ನು ಬಳಸಬೇಡಿ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ಸಿಲಿಕಾ ಜೆಲ್. ರಬ್ಬರ್ ಬ್ಯಾಂಡ್ ಹತ್ತಿರವೂ ಸುಳಿಯಬಾರದು, ಅದರಲ್ಲಿರುವುದೂ ಗಂಧಕವೇ. ಇನ್ನೂ ಬಣ್ಣ ಬರಲಿ ಎಂದು ಕಿಟಕಿಯ ಬಳಿ ಇಟ್ಟು ಕಾಯಬೇಡಿ. ನೀಲಿ ದಾಟಿದರೆ ಮುಂದಿನದು ಚೆಂದವೇ ಆಗಿರುತ್ತದೆ ಎಂಬ ಭರವಸೆ ಇಲ್ಲ.

ಕೇಳಿದವರು: ಎಲ್ಲರಿಗೂ ನಮಸ್ಕಾರ. ರಾತ್ರಿ ಒಂದೇ ದೀಪದ ಕೆಳಗೆ ತಿರುಗಿಸಿ ನೋಡಿದೆ. ನೀಲಿಯ ಅಡಿಯಲ್ಲೂ ಮಿಂಚು ಸುತ್ತುತ್ತದೆ. ಅಕ್ಷರಗಳ ಬುಡದಲ್ಲಿ ಬಣ್ಣ ಸರಿದು ನಿಂತಿದೆ. ನಾಣ್ಯದಲ್ಲಿರುವ ಮುಖದ ಕೆನ್ನೆಯ ಮೇಲಿನ ಒಂದು ಗೀರು ಮಾತ್ರ ಬೆಳ್ಳಗಿದೆ, ಅಂದರೆ ಬಣ್ಣ ಬಂದ ಮೇಲೆ ಯಾರೋ ಗೀರಿದ್ದಾರೆ. ಬೇಸರವಾಯಿತು, ಆದರೆ ಧೈರ್ಯವೂ ಬಂತು. ಅದಿದ್ದ ಮೆತ್ತನೆಯ ಕವರನ್ನು ಕಸದ ಬುಟ್ಟಿಗೆ ಹಾಕಿದ್ದೇನೆ.